ಮೀನಿನ ಮೇಲೆ ಇಂಗ್ಲಿಷರಿಗೇನು ಸಿಟ್ಟು?

“ಸಮ್‌ಥಿಂಗ್ ಫಿಶಿ,” ಎಂದ ವಿನಾಯಕ, ಚಹಾದ ಗ್ಲಾಸು ಕೆಳಗಿಡುತ್ತ.

ನಾಗೇಶ ಮೂಗು ಮೇಲೆತ್ತಿ ಆಚೀಚೆ ವಾಸನೆ ನೋಡಿದ. “ಇಲ್ಲ ಮಾರಾಯ. ಜೂನ್ ಒಂದರಿಂದ ಮೀನುಗಾರಿಕೆ ಬಂದ್. ಬೋಟೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿ ಹಾಕಿದೆ. ಮೀನೇ ಇಲ್ಲ, ವಾಸನೆ ಎಲ್ಲಿಂದ ಬರಬೇಕು?”

“ಅದಲ್ಲ ನಾಗೇಶಣ್ಣ. ಚಹಾಕ್ಕೆ ಮೂರು ರೂಪಾಯಿ ಏರಿಸಿದಾರೆ. ಯಾಕೆ ಅಂದ್ರೆ ಸುಮ್ನೆ ನಗ್ತಾರೆ. ಏನೋ ಗೋಲ್‌ಮಾಲ್ ಇದೆ ಅಂತ. ಅದಕ್ಕೆ ಇಂಗ್ಲಿಷಲ್ಲಿ ಫಿಶಿ ಅಂತಾರೆ.”

“ಗೋಲ್‌ಮಾಲ್ ಮಾಡಿದ್ದು ಚಹಾದವ. ಮೀನು ಎಂತ ಮಾಡಿತ್ತು ಪಾಪ?”

ವಿನಾಯಕ ಮೊಬೈಲಿನಲ್ಲಿ ದಿನಕ್ಕೊಂದು ಇಡಿಯಮ್ ಕಲಿಸುವ ರೀಲು ನೋಡುತ್ತಾನೆ. ಬೆಳಿಗ್ಗೆ ಕಲಿತದ್ದನ್ನು ಸಂಜೆಯೊಳಗೆ ಯಾರ ಮೇಲಾದರೂ ಪ್ರಯೋಗ ಮಾಡದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಹೋದ ವಾರ ಕೇಕು ನಡೆದಿತ್ತು, ಸುಲಭದ ಕೆಲಸ ಅನ್ನುವುದಕ್ಕೆ. ಲೈಟ್ ಬಿಲ್ ಕಟ್ಟಿ ಬಂದರೂ ‘ಪೀಸ್ ಆಫ್ ಕೇಕ್’, ಅಮ್ಮ ದೋಸೆ ತಿರುವಿದರೂ ‘ಪೀಸ್ ಆಫ್ ಕೇಕ್’. ಈ ವಾರ ಮೀನಿನ ಪಾಳಿ. ಕಾರವಾರದಲ್ಲಿ, ಅದೂ ಮೀನು ಮಾರುಕಟ್ಟೆಯ ಹಿಂದಿನ ಚಹಾ ಅಂಗಡಿಯಲ್ಲಿ, ಅದೂ ಬಂದ್ ಇರುವಾಗ! ಹೊಟ್ಟೆ ಉರಿಸುವುದಕ್ಕೂ ಒಂದು ಮಿತಿ ಬೇಡವಾ?

ಹೆಗಡೆ ಮಾಸ್ತರಿಗೆ ಮಾತ್ರ ಖುಷಿಯೋ ಖುಷಿ. ಶಿರಸಿ ಕಡೆಯವರು. ಮೀನು ತಿನ್ನುವುದಿರಲಿ, ಮಾರುಕಟ್ಟೆ ದಾಟುವಾಗ ಉಸಿರು ಕಟ್ಟಿಕೊಂಡು ನಡೆಯುತ್ತಾರೆ. ಆದರೆ ಇಂಗ್ಲಿಷಿನ ಮೀನುಗಳೆಲ್ಲ ಅವರಿಗೆ ಬಾಯಿಪಾಠ. ಮೀನುಗಾರರ ಮಕ್ಕಳನ್ನೇ ಎದುರಿಗೆ ಕೂರಿಸಿಕೊಂಡು ‘ಫಿಶ್ ಔಟ್ ಆಫ್ ವಾಟರ್’ ಕಲಿಸಿ ರಿಟೈರ್ ಆದವರು. “ಕವಿ ಚಾಸರ್ ಕಾಲದಿಂದ ಇದ್ದದ್ದು ತಮಾ, 14ನೇ ಶತಮಾನ! ಮಠ ಬಿಟ್ಟ ಸನ್ಯಾಸಿ ನೀರು ಬಿಟ್ಟ ಮೀನಿನ ಹಾಗೆ ಅಂತ ಬರೆದಿದ್ದಾನೆ,” ಎಂದು ಶುರು ಮಾಡಿದರು.

ಬೀರಣ್ಣ ಪೇಪರ್ ಮಡಚಿ ಕೆಳಗಿಟ್ಟ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅವನು ಪೇಪರ್ ಮಡಚಿದ ಅಂದರೆ ಚೆಕಿಂಗ್ ಶುರು ಅಂತಲೇ ಲೆಕ್ಕ.

“ಫಿಶಿ ಅಂದವನು ಯಾವನೋ, ಅವನು ಜನ್ಮದಲ್ಲಿ ತಾಜಾ ಮೀನು ಮೂಸಿದವನಲ್ಲ. ಈಗಷ್ಟೇ ಬಲೆಯಿಂದ ಬಿಡಿಸಿದ ಬಂಗಡೆಗೆ ಎಂತ ವಾಸನೆ ನಾಗೇಶ?”

“ಸಮುದ್ರದ್ದು.”

“ಅಷ್ಟೇ. ಸತ್ತು ಹೊತ್ತಾದ ಮೇಲೆ ಬ್ಯಾಕ್ಟೀರಿಯಾ ಸೇರಿ ಕೆಡಿಸಿದಾಗ ಆ ನಾತ ಹುಟ್ಟುವುದು. ನನ್ನ ಹೆಂಡತಿ ಮೀನು ತಗೊಳ್ಳುವಾಗ ನೋಡಬೇಕು. ಹೆಬ್ಬೆರಳಲ್ಲಿ ಕಿವಿರು ಎತ್ತುತ್ತಾಳೆ, ಒಳಗೆ ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೀತಿರಬೇಕು. ಹೊಟ್ಟೆ ಒತ್ತಿ ಬಿಟ್ಟರೆ ತಗ್ಗು ತಿರುಗಿ ಮೇಲೆ ಬರಬೇಕು. ಇಷ್ಟೆಲ್ಲ ಪಾಸಾದರೂ ರೇಟಿನಲ್ಲಿ ಫೇಲ್ ಮಾಡಿ ಮುಂದಿನ ಬುಟ್ಟಿಗೆ ಹೋಗ್ತಾಳೆ. ಲಂಡನ್ನಿನವರು ಕೊಳೆತ ಮೀನು ತಗೊಂಡರೆ ತಪ್ಪು ಮೀನಿನದಾ?”

“ಅದು ನಿಜ,” ಮಾಸ್ತರು ಒಪ್ಪಿದರು. “ನಿಮ್ಮ ಬಂಗಡೆಯ ದಾಯಾದಿ ಅಲ್ಲಿಯ ಮ್ಯಾಕೆರೆಲ್. ಬೇಗ ಕೆಡ್ತದೆ ಅಂತಲೇ 17ನೇ ಶತಮಾನದ ಕೊನೆಗೆ ಅದನ್ನು ಭಾನುವಾರವೂ ಮಾರಬಹುದು ಅಂತ ಕಾನೂನು ಮಾಡಿಕೊಟ್ಟಿದ್ದರು. ದೇವರ ದಿನ, ಬೇರೆ ವ್ಯಾಪಾರ ಬಂದ್.”

“ನೋಡಿದ್ರಾ? ದೇವರನ್ನೇ ಅಡ್ಜಸ್ಟ್ ಮಾಡಿಕೊಂಡು ತಿಂದರು. ತಿಂದು ಕೈ ತೊಳೆದು, ಅನುಮಾನ ಬಂದದ್ದಕ್ಕೆಲ್ಲ ಮೀನಿನ ಹೆಸರಿಟ್ಟರು. ನಮ್ಮಲ್ಲಿ ಹಾಗಿಲ್ಲ. ದಶಾವತಾರದಲ್ಲಿ ಒಂದನೇ ನಂಬರ್ ಸೀಟು ಮೀನಿಗೆ ರಿಸರ್ವ್. ರಾಮ, ಕೃಷ್ಣ ಎಲ್ಲ ಹಿಂದಿನ ಸೀಟು.”

ವಿನಾಯಕ ಸುಮ್ಮನೆ ಕೂರುವವನಾ? “ಮೊನ್ನೆ ಕುಮಟಾ ಬಸ್ಸಲ್ಲಿ ಬಂದೆ ಬೀರಣ್ಣ. ಪ್ಯಾಕ್ಡ್ ಲೈಕ್ ಸಾರ್ಡೀನ್ಸ್! ಡಬ್ಬಿಯಲ್ಲಿ ತಾರ್ಲೆ ತುಂಬಿದ ಹಾಗೆ.”

ಹೇಳಬಾರದವರ ಮುಂದೆ ಹೇಳಿದ.

“ನೀನು ಆ ಡಬ್ಬಿ ಬಿಚ್ಚಿ ನೋಡಿದೀಯಾ?” ಬೀರಣ್ಣ ಕೇಳಿದ. “ನಾನು ನೋಡಿದೇನೆ. ತಾರ್ಲೆ ಮಲಗಿರ್ತದೆ. ಗೊತ್ತಾಯ್ತಾ? ಮಲಗಿರ್ತದೆ! ಒಂದರ ಪಕ್ಕ ಒಂದು, ಸಾಲಾಗಿ. ಮೈಗೆಲ್ಲ ಎಣ್ಣೆ. ಒಬ್ಬರ ಕಾಲು ಒಬ್ಬರು ತುಳಿಯುವುದಿಲ್ಲ. ಯಾರ ಬ್ಯಾಗೂ ಯಾರ ಮೂತಿಗೆ ಬಡಿಯುವುದಿಲ್ಲ. ಹಂಪ್ ಬಂದರೂ ನಿದ್ದೆ ಕೆಡುವುದಿಲ್ಲ. ನನ್ನ ಬಸ್ಸು ಅಂಕೋಲಾ ದಾಟುವಾಗ ಒಂಟಿ ಕಾಲಲ್ಲಿ ನಿಂತವರು ಎಷ್ಟು ಜನ, ಆ ಕಾಲೂ ಸ್ವಂತದ್ದೇ ಅಂತ ಗ್ಯಾರಂಟಿ ಇಲ್ಲದವರು ಎಷ್ಟು ಜನ! ತಾರ್ಲೆಗೆ ಸಿಕ್ಕಿದ್ದು ಸ್ಲೀಪರ್ ಕೋಚ್. ಅದೂ ಟಿಕೆಟ್ ಇಲ್ಲದೆ.”

ಪಕ್ಕದ ಟೇಬಲ್ಲಿನವರೂ ನಕ್ಕರು. ನಕ್ಕವರಲ್ಲಿ ಬಸ್ಸಿನಿಂದ ಈಗಷ್ಟೇ ಇಳಿದವರೂ ಇದ್ದರು, ಅಂಗಿಯ ಇಸ್ತ್ರಿ ನೋಡಿದರೆ ಗೊತ್ತಾಗುತ್ತಿತ್ತು.

ಅಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ವಿನಾಯಕ ‘ಡ್ರಿಂಕ್ಸ್ ಲೈಕ್ ಎ ಫಿಶ್’ ತೆಗೆದ. ಮಿತಿ ಇಲ್ಲದೆ ಕುಡಿಯುವವನಿಗೆ ಹಾಗೆ ಹೇಳುತ್ತಾರಂತೆ. ನಾಗೇಶನಿಗೆ ಈಗ ನಿಜಕ್ಕೂ ಸಿಟ್ಟು ಬಂತು. ಕೊಳೆತದ್ದು ಎಂದಾಯಿತು, ಈಗ ಕುಡುಕ ಅಂತಲೂ ಅಂದರು!

“ಇದರಲ್ಲಿ ಸ್ವಲ್ಪ ಸತ್ಯ ಇದೆ ನಾಗೇಶ,” ಎಂದರು ಮಾಸ್ತರು. “ಸಮುದ್ರದ ಮೀನು ನೀರು ಕುಡಿಯುತ್ತದೆ. ಹೊರಗಿನ ಉಪ್ಪುನೀರು ಮೈಯೊಳಗಿನ ನೀರನ್ನು ಎಳೀತಾ ಇರ್ತದೆ, ಹಾಗಾಗಿ ಕುಡಿಯದೆ ಗತಿಯಿಲ್ಲ. ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತದೆ. ಹೊಳೆ ಮೀನು ಹಾಗಲ್ಲ. ಅದು ಕುಡಿಯುವುದೇ ಇಲ್ಲ ಅನ್ನಬಹುದು.”

“ಅಂದರೆ ಕಾಳಿ ಹೊಳೆಯಲ್ಲಿ ಇರುವಷ್ಟು ದಿನ ಮರ್ಯಾದಸ್ಥ. ಅಳಿವೆ ದಾಟಿದ ಕೂಡಲೇ ಕುಡಿಯೋಕೆ ಶುರು,” ಎಂದ ಬೀರಣ್ಣ. “ಇದು ಮೀನಿನ ವಿಷಯ ಅಲ್ಲವೇ ಅಲ್ಲ ಮಾಸ್ತರೆ. ನಮ್ಮೂರಿನ ಹುಡುಗರು ಮಾಜಾಳಿ ದಾಟಿ ಗೋವಾಕ್ಕೆ ಹೋಗುವ ವಿಷಯ.”

ವಿನಾಯಕ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದ.

ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಮಳೆಗೆ, ಘಾಟಿ ರಸ್ತೆಗೆ, ಒಣಶೆಟ್ಲಿಯ ರೇಟಿಗೆ. ಹೋದರೂ ವಿನಾಯಕ ಬಿಡುವವನಲ್ಲ. ಬೀರಣ್ಣ ಯಾವುದೋ ಹಳೇ ಸಾಲದ ಮಾತು ತೆಗೆದದ್ದೇ, “ಅದು ರೆಡ್ ಹೆರಿಂಗ್, ವಿಷಯ ತಪ್ಪಿಸಬೇಡಿ,” ಎಂದ.

ಹೆರಿಂಗ್ ಅಂದರೆ ತಾರ್ಲೆಯ ಸಂಬಂಧಿಕ. ಉಪ್ಪು ಹಾಕಿ, ಹೊಗೆಯಲ್ಲಿ ಒಣಗಿಸಿದರೆ ಕೆಂಪಾಗುತ್ತದೆ, ಭಾರೀ ನಾತ. ಮಾಸ್ತರು ಅದರ ಕಥೆ ಹೇಳಿದರು. ವಿಲಿಯಂ ಕಾಬೆಟ್ ಅಂತ ಒಬ್ಬ ಪತ್ರಕರ್ತ. 1807ರಲ್ಲಿ ಬರೆದನಂತೆ: ಚಿಕ್ಕವನಿದ್ದಾಗ ಮೊಲದ ಬೆನ್ನು ಹತ್ತಿದ ಬೇಟೆನಾಯಿಗಳ ದಾರಿ ತಪ್ಪಿಸಲು ಕೆಂಪು ಹೆರಿಂಗನ್ನು ನೆಲದ ಮೇಲೆ ಎಳೆದುಕೊಂಡು ಹೋಗಿದ್ದೆ ಅಂತ. ನೆಪೋಲಿಯನ್ ಸೋತ ಅನ್ನುವ ಸುಳ್ಳು ಸುದ್ದಿಯ ಹಿಂದೆ ಓಡಿ ಊರಿನ ವಿಷಯ ಮರೆತ ಪತ್ರಿಕೆಗಳಿಗೆ ಆತ ಹಾಕಿದ ಛೀಮಾರಿ ಅದು.

“ಇಂಗ್ಲೆಂಡಿನ ನಾಯಿಗೆ ಅದು ಸರಿ,” ಎಂದ ಬೀರಣ್ಣ. “ಕಾರವಾರದ ನಾಯಿಯ ಮುಂದೆ ಒಣಮೀನು ಎಳೆದುಕೊಂಡು ಹೋದರೆ ದಾರಿ ತಪ್ಪುವುದು ಎಳೆದವನದು. ಮೀನು ನಾಯಿಯ ಹೊಟ್ಟೆಯಲ್ಲಿ, ಇವನು ಆಸ್ಪತ್ರೆಯಲ್ಲಿ. ಮೊಲ ಮಾತ್ರ ಆರಾಮ. ಇನ್ನು ವಿಷಯ ತಪ್ಪಿಸೋದಕ್ಕೆ ಮೀನೇ ಬೇಕಾ? ನಾನು ಟಿಕೆಟ್ ಅಂತ ಕೈ ಚಾಚಿದರೆ ‘ಮಗಳ ಮದುವೆ ಗೊತ್ತಾಯ್ತಾ ಬೀರಣ್ಣ’ ಅಂತ ಕೇಳುವವರಿದ್ದರು. ಮಗಳಿಗೆ ಆಗ ಎರಡು ವರ್ಷ.”

“ನಮ್ಮಲ್ಲೂ ಇದೆಯಲ್ಲ, ಮೀನಮೇಷ ಎಣಿಸೋದು,” ಎಂದ ನಾಗೇಶ, ತನ್ನ ಕಡೆಯಿಂದಲೂ ಒಂದು ಇರಲಿ ಅಂತ.

“ಅದು ಆಕಾಶದ ಮೀನು. ಬಲೆಗೆ ಬೀಳುವುದಿಲ್ಲ, ನಾರುವುದೂ ಇಲ್ಲ. ಎಣಿಸುತ್ತ ಕೂತವನ ಮೇಲೆ ಬೈಗುಳ ಹೊರತು ಮೀನಿನ ಮೇಲಲ್ಲ. ಇನ್ನೂ ಕೇಳು. ಚಂದದ ಹೆಂಗಸಿಗೆ ನಾವು ಮೀನಾಕ್ಷಿ ಅಂತೇವೆ. ಇಂಗ್ಲಿಷರು ಎಂತ ಅಂತಾರೆ ಮಾಸ್ತರೆ?”

“ಫಿಶ್ ಐ ಅಂದರೆ ಅವರಲ್ಲಿ…” ಮಾಸ್ತರು ತುಸು ತಡೆದರು. “ನಂಬಿಕೆ ಇಲ್ಲದೆ, ತಣ್ಣಗೆ, ದುರುಗುಟ್ಟಿ ನೋಡುವ ನೋಟ.”

ಬೀರಣ್ಣ ಸ್ವಲ್ಪ ಹೊತ್ತು ಯೋಚಿಸಿದ. “ಇದೊಂದು ಮಾತ್ರ ಸರಿ ಇದೆ. ಮದುವೆಗೆ ಮುಂಚೆ ಕನ್ನಡ, ಆಮೇಲೆ ಇಂಗ್ಲಿಷ್.”

ಇಷ್ಟರಲ್ಲಿ ವಿನಾಯಕನ ಮುಖ ಬಾಡಿದ್ದು ಮಾಸ್ತರಿಗೆ ಕಂಡಿತು. ಕಾರಣ ನಮಗೆಲ್ಲ ಗೊತ್ತಿತ್ತು, ಯಾರೂ ಎತ್ತಿರಲಿಲ್ಲ. ಹಬ್ಬುವಾಡದ ಹುಡುಗಿಗೆ ಬೆಂಗಳೂರಿನ ವರ ಗೊತ್ತಾಗಿತ್ತು. ಇವನು ಇಂಗ್ಲಿಷ್ ಕಲಿಯಲು ಹಿಡಿದದ್ದೂ ಅದಕ್ಕೇ ಇರಬೇಕು. ಪಾಪ, ಹುಡುಗ ಪಾಠ ಮುಗಿಸುವ ಮೊದಲೇ ಪರೀಕ್ಷೆ ಮುಗಿದಿತ್ತು.

ಮಾಸ್ತರು ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದರು. ಸಮಾಧಾನವೂ ಇಂಗ್ಲಿಷಿನದೇ. “ಬೇಜಾರು ಮಾಡ್ಕೋಬೇಡ ತಮಾ. ದೇರ್ ಆರ್ ಪ್ಲೆಂಟಿ ಆಫ್ ಫಿಶ್ ಇನ್ ದ ಸೀ. ಸಮುದ್ರದಲ್ಲಿ ಬೇಕಾದಷ್ಟು ಮೀನಿದೆ.”

“ಯಾವ ಸಮುದ್ರದಲ್ಲಿ?” ನಾಗೇಶ ಕೇಳಿದ.

ಎಲ್ಲರೂ ನಕ್ಕರು. ಅವನು ನಗಲಿಲ್ಲ.

“ಅಲ್ಲ, ಗೊತ್ತಿದ್ದರೆ ಹೇಳಿ ಮಾಸ್ತರೆ. ಡೀಸೆಲ್ ಹಾಕಿಸಿ ಅಲ್ಲಿಗೇ ಹೋಗ್ತೇನೆ. ಅಪ್ಪನ ಕಾಲದಲ್ಲಿ ಇತ್ತಂತೆ. ರಂಪಣಿ ಬಲೆ. ಎತ್ತರದಲ್ಲಿ ನಿಂತವನು ನೀರಿನ ಬಣ್ಣ ನೋಡಿ ಕೂಗು ಹಾಕಬೇಕು, ಬಂಗಡೆ ಬಂತು ಅಂತ. ದೋಣಿಯಲ್ಲಿ ಬಲೆ ಒಯ್ದು ಸುತ್ತು ಹಾಕಿ ಬಂದರೆ, ದಂಡೆ ಮೇಲೆ ಎರಡೂ ಕಡೆ ಹಗ್ಗ ಹಿಡಿದು ಕೇರಿಗೆ ಕೇರಿಯೇ ಎಳೆಯುವುದು. ಹಗ್ಗ ಮುಟ್ಟಿದವನಿಗೆ ಪಾಲು. ಶಾಲೆ ತಪ್ಪಿಸಿ ಬಂದ ಹುಡುಗರೂ ಬರಿಗೈಲಿ ಮನೆಗೆ ಹೋದದ್ದಿಲ್ಲವಂತೆ. ತಾರ್ಲೆ ಜಾಸ್ತಿ ಬಿದ್ದರೆ ತೆಂಗಿನ ಬುಡಕ್ಕೆ ಗೊಬ್ಬರ. 1970ರ ದಶಕದ ಕೊನೆಗೆ ಪರ್ಸೀನ್ ಬೋಟು ಬಂತು. ಮೀನು ದಂಡೆಗೆ ಬರುವ ಮೊದಲೇ ಅಲ್ಲೇ ಸುತ್ತು ಹಾಕಿ ಎತ್ತಿದರು. ರಂಪಣಿ ಮೂಲೆ ಸೇರಿತು. ನಾನೂ ಪರ್ಸೀನಿನವನೇ, ಯಾರನ್ನು ಬೈಯಲಿ? ಈಗ ರಾತ್ರಿ ಎಲ್‌ಇಡಿ ಲೈಟು ಬಿಟ್ಟು ಹಿಡಿಯುವವರಿದ್ದಾರೆ. 2017ರಲ್ಲೇ ದಿಲ್ಲಿಯಿಂದ ನಿಷೇಧ ಬಂತು. ನಿಷೇಧ ಇದೆ, ಲೈಟೂ ಇದೆ.”

ಚಹಾದವನು ರೇಡಿಯೋ ಸಣ್ಣ ಮಾಡಿದ. ಮಾಸ್ತರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಆ ‘ಪ್ಲೆಂಟಿ ಆಫ್ ಫಿಶ್’ ವಾಕ್ಯವನ್ನು ಎಷ್ಟು ಬ್ಯಾಚಿನ ಹುಡುಗರಿಗೆ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದರೋ. ಆ ಹುಡುಗರಲ್ಲಿ ಎಷ್ಟು ಮಂದಿ ಈಗ ಗೋವಾದ ಹೋಟೆಲುಗಳಲ್ಲಿ ಕೇರಳದ ಐಸ್ ಮೀನು ಬಡಿಸುತ್ತಿದ್ದಾರೋ.

“ಹಾಗಾದರೆ ನನಗೆ ಎಂತ ಹೇಳ್ತೀರಿ?” ಎಂದ ವಿನಾಯಕ, ಸಣ್ಣ ದನಿಯಲ್ಲಿ. ಇಂಗ್ಲಿಷ್ ಪೂರ್ತಿ ಇಳಿದುಹೋಗಿತ್ತು.

“ಬಂದ್ 61 ದಿನ,” ಎಂದ ಬೀರಣ್ಣ. “ಮೀನಿಗೇ ಸರ್ಕಾರ ಅಷ್ಟು ರಜೆ ಕೊಟ್ಟಿದೆ. ನೀನೂ ತಗೋ. ಜುಲೈ 31ರ ತನಕ ಯಾರಿಗೂ ಮೆಸೇಜ್ ಹಾಕಬೇಡ, ಬಲೆ ರಿಪೇರಿ ಮಾಡ್ಕೋ. ಮೊದಲು ಆ ಹೇರ್ ಕಟ್ಟಿಂಗಿನಿಂದ ಶುರು ಮಾಡು.”

ಹುಡುಗ ನಕ್ಕ. ಅಷ್ಟರಲ್ಲಿ ಬೀರಣ್ಣನ ಫೋನ್ ಹೊಡೆದುಕೊಂಡಿತು. ಮನೆಯಿಂದ. ‘ಹೂಂ’, ‘ಹೂಂ’, ‘ಒಣಬಂಗಡೆ ಸಾಕಲ್ವಾ’ ಅಂದು ಇಟ್ಟ. ಮುಖ ಸಪ್ಪಗಾಗಿತ್ತು.

“ಹುಬ್ಬಳ್ಳಿಯಿಂದ ಬೀಗರು ಬಂದಿದಾರೆ,” ಎಂದ.

“ಇನ್ನೂ ಇದಾರಾ?”

“ಇದಾರೆ.”

ಮಾಸ್ತರ ಕಣ್ಣು ಮತ್ತೆ ಹೊಳೆಯಿತು. “ಬೆಂಜಮಿನ್ ಫ್ರಾಂಕ್ಲಿನ್ ಅಮೆರಿಕದಲ್ಲಿ ಪಂಚಾಂಗ ಅಚ್ಚು ಹಾಕ್ತಿದ್ದ. 1736ರ ಪಂಚಾಂಗದಲ್ಲಿ ಬರೆದಿದ್ದಾನೆ: ಮೀನು ಮತ್ತು ನೆಂಟರು ಮೂರನೇ ದಿನಕ್ಕೆ ನಾರುತ್ತಾರೆ.”

“ಆಗ ಐಸ್ ಫ್ಯಾಕ್ಟರಿ ಇರಲಿಲ್ಲ ಮಾಸ್ತರೆ. ಈಗ ಎರಡೂ ಬಾಳಿಕೆ ಬರ್ತವೆ,” ಎಂದ ಬೀರಣ್ಣ. “ನಾನೂ ಸೂಚನೆ ಕೊಟ್ಟು ನೋಡಿದೆ. ‘ಪಾಪ, ಮೀನು ತಿನ್ನೋಕೆ ಅಂತ ಬಂದ್ರಿ, ನೋಡಿದ್ರೆ ಬಂದ್. ಹೀಗೆ ಬರಿಬಾಯಲ್ಲಿ ಕಳಿಸೋಕೆ ನಮಗೂ ಬೇಜಾರು’ ಅಂದೆ.”

“ಎಂತ ಅಂದ್ರು?”

“‘ಬೇಜಾರು ಮಾಡ್ಕೋಬೇಡ್ರಿ ಬೀಗರೆ, ಆಗಸ್ಟ್ ಒಂದಕ್ಕ ಬೋಟು ಬಿಡ್ತಾರಲ್ರೀ, ತಿಂದs ಹೋಗ್ತೀವಿ’ ಅಂದ್ರು.”