ಮಕ್ಕಳ ಜೊತೆ ದಾಂಡೇಲಿ ಕ್ಯಾಂಪಿಂಗ್: ಔಷಧಿ ಚೀಲದಲ್ಲಿ ಏನಿರಬೇಕು?

ಧಾರವಾಡದಿಂದ ದಾಂಡೇಲಿ ಕಡೆ ಹೋಗಿ ಎರಡು ರಾತ್ರಿ ಟೆಂಟಿನಲ್ಲಿ ಇರ್ತೀವಿ, ನಾಲ್ಕು ವರ್ಷದ್ದು ಒಂದು, ಒಂಬತ್ತು ವರ್ಷದ್ದು ಒಂದು ಮಗು ಇದೆ, ಔಷಧಿ ಚೀಲಕ್ಕೆ ಏನೇನು ಹಾಕಲಿ ಅಂತ ಕೇಳಿದ್ದೀರಲ್ಲ ಅಕ್ಕ, ನಮ್ಮ ಅನುಭವ ಹೇಳುತ್ತೇನೆ. ನಾವು ಹುಬ್ಬಳ್ಳಿಯವರು, ವರ್ಷಕ್ಕೊಮ್ಮೆಯಾದರೂ ಹೋಗುತ್ತೇವೆ.

ಮೊದಲು ಚೀಲ ಕೈಗೆ ಸಿಗುವ ಕಡೆ ಇಡಿ. ಒಮ್ಮೆ ನಮ್ಮ ಮಗಳ ಕೈ ಮೇಲೆ ಕುದಿಯುವ ಚಹಾ ಬಿತ್ತು. ಚೀಲ ಕಾರಿನ ಡಿಕ್ಕಿಯಲ್ಲಿ, ಹಾಸಿಗೆ, ಪಾತ್ರೆ, ರೊಟ್ಟಿ ಬುತ್ತಿ ಎಲ್ಲದರ ಕೆಳಗೆ! ಅವ್ವ ಕೊಬ್ಬರಿ ಎಣ್ಣೆ ಹಚ್ಚೋಣ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ಅಂದರು. ಎರಡೂ ಬೇಡ, ಐಸ್ ಕೂಡ ಬೇಡ. 20 ನಿಮಿಷ ತಣ್ಣೀರು ಸುರಿಯುತ್ತಲೇ ಇರಬೇಕು, ಅದಕ್ಕೇ ಈಗ ಕುಡಿಯೋ ನೀರು ಬಿಟ್ಟು ಇನ್ನೊಂದು 20 ಲೀಟರಿನ ಕ್ಯಾನ್ ಒಯ್ಯುತ್ತೇವೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ ಬೇಕೇ ಬೇಕು. ಆದರೆ ಅದು 5 ಎಂಎಲ್‌ಗೆ 120 ಮಿಲಿಗ್ರಾಂ, 250 ಮಿಲಿಗ್ರಾಂ ಅಂತ ಬೇರೆ ಬೇರೆ ಬರುತ್ತದೆ. ಎಷ್ಟು ಕೊಡಬೇಕು ಅನ್ನೋದು ಮಗುವಿನ ತೂಕದ ಮೇಲೆ. ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ, ಬಾಟಲಿ ಮೇಲೆ ಮಗುವಿನ ಹೆಸರು, ಎಷ್ಟು ಎಂಎಲ್ ಅಂತ ಬರೆದು ಅಂಟಿಸಿ. ಕತ್ತಲಲ್ಲಿ ಅಳುವ ಮಗುವನ್ನು ಹಿಡಿದುಕೊಂಡು ಲೆಕ್ಕ ಹಾಕೋಕೆ ಆಗಲ್ಲ. ಜೇನುಹುಳು ಕಚ್ಚಿದರೆ ಕೊಡುವ ಅಲರ್ಜಿ ಔಷಧಿಯನ್ನೂ ಆಗಲೇ ಕೇಳಿಬಿಡಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಆದರೆ ಇಡೀ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಸ್ವಲ್ಪ ಸ್ವಲ್ಪ ಅಂತ ಲೋಟಕ್ಕೆ ಹಾಕಬೇಡಿ. ಉಳಿದಂತೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಟೇಪ್, ಬೆಟಾಡಿನ್, ಸೋಪು, ಕತ್ತರಿ, ಟಾರ್ಚ್.

ಬ್ಲೇಡು, ಹಗ್ಗ ಹಾವಿಗೆ ಅಂತ ಇಡಲೇಬೇಡಿ. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಕೈಯೋ ಕಾಲೋ ಅಲುಗಾಡದಂತೆ ಇಟ್ಟು, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವೇ ಇರಲ್ಲ. ಟೆಂಟಿನ ಜಿಪ್ ಪೂರ್ತಿ ಎಳೆಯೋದನ್ನು ಮಕ್ಕಳಿಗೂ ರೂಢಿ ಮಾಡಿಸಿ. ಹಾವಿನ ವಿಷದ ಇಂಜೆಕ್ಷನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದು, 108ಕ್ಕೆ ಫೋನ್ ಮಾಡೋಕೆ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಇಷ್ಟನ್ನೂ ಹೋದ ತಕ್ಷಣ ಅಲ್ಲಿಯವರನ್ನು ಕೇಳಿ ಚೀಟಿಯಲ್ಲಿ ಬರೆದು ಚೀಲದಲ್ಲಿಡಿ.

ಮೈಗೆ ಕಚ್ಚಿಕೊಂಡ ಉಣ್ಣೆ ಹುಳ ಕೀಳೋಕೆ ಚೂಪು ಮೂತಿಯ ಚಿಮುಟ ಮರೆಯಬೇಡಿ. ಉತ್ತರ ಕನ್ನಡದ ಕಾಡಲ್ಲಿ ಮಂಗನ ಕಾಯಿಲೆ ಹರಡೋದು ಈ ಹುಳದಿಂದ. ಸಂಜೆ ಮಕ್ಕಳ ಕಿವಿ ಹಿಂದೆ, ಕಂಕುಳು, ತೊಡೆ ಸಂದಿ ನೋಡಿ. ಊರಿಗೆ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ.