ಬುಧನ ಮೇಲಿರುವುದಕ್ಕೆ 'ವಾತಾವರಣ' ಅನ್ನಬಹುದೇ?

ನಮಸ್ಕಾರ. ಮಂಡ್ಯದ ಹತ್ತಿರದ ಹಳ್ಳಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ 'ಬುಧನಿಗೆ ತೀರಾ ತೆಳುವಾದ ವಾತಾವರಣವಿದೆ' ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಅಲ್ಲಿ ಗಾಳಿನೇ ಬೀಸಲ್ಲ ಅಂದ್ರಲ್ಲ ಮಿಸ್, ಮತ್ತೆ ವಾತ ಎಲ್ಲಿಂದ ಬಂತು?" ಅಂದಳು.

ಅವಳು ಕೇಳಿದ್ದು ಸರಿ ಅಲ್ವಾ? ಅಲ್ಲಿನ ಪರಮಾಣುಗಳು ಒಂದಕ್ಕೊಂದು ತಾಕುವುದೇ ಅಪರೂಪ. ನೆಲದಿಂದ ಏಳುತ್ತವೆ, ಮತ್ತೆ ನೆಲಕ್ಕೇ ಬೀಳುತ್ತವೆ, ಇಲ್ಲವೇ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತವೆ. ತಳ್ಳಾಟವೇ ಇಲ್ಲದ ಕಡೆ ಗಾಳಿ ಬೀಸುವುದಾದರೂ ಹೇಗೆ?

'ಬಾಹ್ಯಗೋಳ' ಅನ್ನುವ ಪದ ಇದೆ. ಭೂಮಿಗೆ ಅದು ಒಪ್ಪುತ್ತದೆ. ಒಳಗಿನ ಪದರಗಳೆಲ್ಲ ಮುಗಿದ ಮೇಲೆ, ನೂರಾರು ಕಿಲೋಮೀಟರ್ ಎತ್ತರದಲ್ಲಿ ಶುರುವಾಗುವ ಪದರ ಅದು. ಬುಧನಲ್ಲಿ ಅದು ನೆಲದಿಂದಲೇ ಶುರು. ಹಾಗಾದರೆ ಯಾವುದಕ್ಕೆ ಬಾಹ್ಯ?

ಅದರಲ್ಲಿ ಸೋಡಿಯಂ ಇದೆ ಅಂತ ಗೊತ್ತಾದದ್ದು 1985ರಲ್ಲಿ, ಭೂಮಿಯ ಮೇಲಿನ ದೂರದರ್ಶಕದಿಂದಲೇ. ಉಪ್ಪಿನಲ್ಲೂ ಸೋಡಿಯಂ ಇರುವುದರಿಂದ, ಮಕ್ಕಳಿಗೆ ಸ್ಪಿರಿಟ್ ದೀಪದ ಉರಿಗೆ ಚಿಟಿಕೆ ಉಪ್ಪು ಉದುರಿಸಿ ತೋರಿಸಿದೆ. ನೀಲಿ ಉರಿ ಭಗ್ ಅಂತ ಹಳದಿಯಾಯಿತು. ಅಲ್ಲಿಂದ ಬರುವುದೂ ಅದೇ ಹಳದಿ ಬೆಳಕು.

ಈ ಸೋಡಿಯಂ ಯಾವಾಗಲೂ ಒಂದೇ ಸಮ ಇರುವುದಿಲ್ಲ. ಬುಧನ ವರ್ಷ 88 ದಿನ. ಅಷ್ಟರಲ್ಲಿ ಸೂರ್ಯನಿಂದ ಅದರ ದೂರ 4.6 ಕೋಟಿ ಕಿಲೋಮೀಟರಿನಿಂದ ಸುಮಾರು 7 ಕೋಟಿಗೆ ಹೋಗಿ ಬರುತ್ತದೆ. ಬಿಸಿಲು, ಸೂರ್ಯನಿಂದ ಬರುವ ಕಣಗಳು, ಸಣ್ಣ ಉಲ್ಕೆಗಳ ಹೊಡೆತ, ಇವೆಲ್ಲ ಸೇರಿ ನೆಲದಿಂದ ಪರಮಾಣುಗಳನ್ನು ಎಬ್ಬಿಸುತ್ತವೆ. 2011ರಿಂದ 2015ರವರೆಗೆ ಬುಧನನ್ನು ಸುತ್ತಿದ ಮೆಸೆಂಜರ್ ನೌಕೆಗೆ ಬುಧನ ಪ್ರತಿ ವರ್ಷದಲ್ಲೂ ಹೆಚ್ಚುಕಮ್ಮಿ ಅದೇ ಏರಿಳಿತ ಕಂಡಿತು. ಬೆಳಕಿನ ಒತ್ತಡಕ್ಕೆ ಸೋಡಿಯಂ ಲಕ್ಷಾಂತರ ಕಿಲೋಮೀಟರ್ ಉದ್ದದ ಬಾಲವಾಗಿ ಚಾಚುತ್ತದೆ. ಆ ಬಾಲವೂ ವರ್ಷದೊಳಗೆ ಬೆಳೆದು ಕುಗ್ಗುತ್ತದೆ. ಕ್ಯಾಲ್ಸಿಯಂ ಮಾತ್ರ ಸೂರ್ಯ ಹುಟ್ಟುವ ಬದಿಯಲ್ಲೇ ಜಾಸ್ತಿ.

ಇಷ್ಟು ಏಳುಬೀಳು ಇರುವುದನ್ನು 'ಆವರಣ' ಅನ್ನಲು ನನಗೆ ಮನಸ್ಸಾಗುತ್ತಿಲ್ಲ. 'ಪೊರೆ' ಅಂದರೆ ಹಾವಿನ ಪೊರೆಯ ಹಾಗೆ ಮೈಗೆ ಅಂಟಿಕೊಂಡದ್ದು ಅನಿಸುತ್ತದೆ. ನಮ್ಮ ಕಡೆ ಆಲೆಮನೆ ಕೊಪ್ಪರಿಗೆಯಿಂದ ಹಬೆ ಏಳುತ್ತದೆ. ಉರಿ ಜೋರಾದರೆ ಜಾಸ್ತಿ, ತಗ್ಗಿದರೆ ಕಡಿಮೆ. ಮಕ್ಕಳಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಆದರೆ ಬರೀ 'ಹಬೆ' ಅಂದರೆ ನೀರಿನದು ಅಂದುಕೊಳ್ಳುತ್ತಾರೆ.

ಅದಕ್ಕೇ 'ಅಣುಹಬೆ' ಅಂತ ಬರೆದುಕೊಂಡಿದ್ದೇನೆ, ಅಣುಬಾಂಬಿನಲ್ಲಿರುವ ಅರ್ಥದ 'ಅಣು', ಅಂದರೆ ಪರಮಾಣು. ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಇದಕ್ಕಿಂತ ಒಳ್ಳೆಯ ಪದ ನಿಮ್ಮೂರ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.