ಬಣ, ಭಿನ್ನಮತ, ಒಡಕು, ವಿಭಜನೆ: ಎಲ್ಲಿ ಯಾವುದು?

ಪ್ರಶ್ನೆ (ಮಡಿಕೇರಿಯಿಂದ): ಪಕ್ಷದ ಒಳಜಗಳದ ಸುದ್ದಿಯೊಂದರಲ್ಲಿ ತಲೆಬರಹ ‘ಪಕ್ಷ ಇಬ್ಭಾಗ’, ಮೊದಲ ಸಾಲಿನಲ್ಲಿ ‘ಭಿನ್ನಮತ’, ಕೆಳಗೆ ‘ಬಣ’. ಮೂರೂ ಒಂದೇ ಅರ್ಥವೇ? ‘ವಿಭಜನೆ’ಗೆ ಕಾನೂನಿನಲ್ಲಿ ಬೇರೆ ಅರ್ಥವಿದೆಯಂತೆ, ಹೌದೇ?

ಉತ್ತರ (ವಿರಾಜಪೇಟೆಯಿಂದ): ಒಂದೇ ಅಲ್ಲ. ಮುಚ್ಚಿದ ಬಾಗಿಲ ಸಭೆಯಲ್ಲಿ ಮುಗಿಯುವುದು ಭಿನ್ನಾಭಿಪ್ರಾಯ. ಶಾಸಕರು ಸಹಿ ಸಂಗ್ರಹಿಸಿ ಹೈಕಮಾಂಡ್ ಬಾಗಿಲಿಗೆ ಹೋದರೆ ಭಿನ್ನಮತ. ಅದಕ್ಕೊಬ್ಬ ನಾಯಕನ ಹೆಸರು ಅಂಟಿಕೊಂಡು ಚುನಾವಣೆ ಕಳೆದರೂ ಉಳಿದರೆ ಬಣ. ಬಿ ಫಾರಂ ಸಿಗದವರು ಪಕ್ಷೇತರರಾಗಿ ನಾಮಪತ್ರ ಹಾಕಿದರೆ ಬಂಡಾಯ. ‘ಭಿನ್ನಮತದಿಂದ ಸೋತರು’ ಎಂದು ಬರೆಯುವಾಗ ಎಚ್ಚರವಿರಲಿ: ಇಲ್ಲಿನ ‘ಮತ’ ಅಭಿಪ್ರಾಯ, ವೋಟಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಎದುರು ಪಕ್ಷಕ್ಕೆ ವೋಟು ಹಾಕಿದರೆ ಅದು ಅಡ್ಡಮತದಾನ.

ಬಿರುಕು ಬಿಟ್ಟ ಮಡಕೆಯಲ್ಲಿ ನೀರು ನಿಂತೀತು, ಒಡಕು ಮಡಕೆಯಲ್ಲಿ ನಿಲ್ಲದು. ಹಾಗಾಗಿ ರಾಜಿಗೆ ದಾರಿ ಉಳಿದಿರುವಾಗ ‘ಬಿರುಕು’ ಸಾಕು. ತಲೆಬರಹ ಬರೆಯುವವರಿಗೆ ಈ ತಾಳ್ಮೆ ಕಡಿಮೆ.

ಇನ್ನು ‘ವಿಭಜನೆ’. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿಸಿದಾಗ, ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗ ಹೊರಬಂದರೆ ಅದನ್ನು ವಿಭಜನೆಯೆಂದು ಒಪ್ಪಿ ಅನರ್ಹತೆಯಿಂದ ವಿನಾಯಿತಿ ಕೊಡುತ್ತಿತ್ತು. 60 ಶಾಸಕರ ಪಕ್ಷವಾದರೆ 20 ಮಂದಿ ಸಾಕಿತ್ತು. ಸಗಟು ಪಕ್ಷಾಂತರಕ್ಕೆ ಇದೇ ರಹದಾರಿಯಾಯಿತೆಂದು 2003ರ 91ನೇ ತಿದ್ದುಪಡಿ ಆ ಪ್ಯಾರಾವನ್ನೇ ತೆಗೆದುಹಾಕಿತು. ಉಳಿದದ್ದು ವಿಲೀನ: ಬೇರೊಂದು ಪಕ್ಷದೊಂದಿಗೆ ವಿಲೀನ, ಅದಕ್ಕೆ ಮೂರನೇ ಎರಡು ಭಾಗದ ಒಪ್ಪಿಗೆ, ಅದೇ ಲೆಕ್ಕದಲ್ಲಿ 40. ‘ನಾವು ಒಡೆದು ಬಂದೆವು’ ಎಂಬ ಸಮರ್ಥನೆ ಇನ್ನು ನಡೆಯದೆಂದು 2023ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಹಾಗಾಗಿ 20 ಶಾಸಕರು ರೆಸಾರ್ಟ್ ಸೇರಿದ ಸುದ್ದಿಯಲ್ಲಿ ‘ವಿಭಜನೆ’ ಎಂದರೆ, ಕಾನೂನು ಕೊಡದ ರಕ್ಷಣೆಯನ್ನು ವರದಿಗಾರ ಕೊಟ್ಟಂತಾಗುತ್ತದೆ. ಅಲ್ಲಿಗೆ ‘ಅತೃಪ್ತರು’ ಸರಿ. ಸ್ಪೀಕರ್ ಆದೇಶ ಬಂದ ಮೇಲೆ ‘ಅನರ್ಹರು’. 2019ರಲ್ಲಿ ಕರ್ನಾಟಕದ 17 ಶಾಸಕರ ವಿಷಯದಲ್ಲಿ ಪತ್ರಿಕೆಗಳ ಮಾತು ಬದಲಾದದ್ದೂ ಹೀಗೆಯೇ.

ಪಕ್ಷವೇ ಇಬ್ಭಾಗವಾಗುವುದು ಬೇರೆ. ಒಂದೇ ಒಕ್ಕದಲ್ಲಿ, ಅಂದರೆ ಕೊಡವರ ಮನೆತನದಲ್ಲಿ, ಒಲೆಗಳು ಎರಡಾಗಬಹುದು, ಅದು ಬಣ. ಮನೆತನದ ಯಜಮಾನನಾದ ಪಟ್ಟೇದಾರ ಯಾರೆಂದು ವ್ಯಾಜ್ಯ ಶುರುವಾದರೆ ಇಬ್ಭಾಗ. ಪಕ್ಷಗಳಿಗೆ ಆ ಪಟ್ಟೆ ಎಂದರೆ ಚಿಹ್ನೆ. ಅದನ್ನು ತೀರ್ಮಾನಿಸುವವರು ಸ್ಪೀಕರ್ ಅಲ್ಲ, ಚುನಾವಣಾ ಆಯೋಗ, 1968ರ ಚಿಹ್ನೆಗಳ ಆದೇಶದ 15ನೇ ಪ್ಯಾರಾದಂತೆ. 1969ರಲ್ಲಿ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸೂ ಬೇರೆಯಾದಾಗ ಜೋಡೆತ್ತು ಇಬ್ಬರ ಕೈಯನ್ನೂ ಬಿಟ್ಟಿತು. ಇಂದಿರಾ ಬಣ 1971ಕ್ಕೆ ಹಸು-ಕರು ಹಿಡಿಯಿತು. 1999ರಲ್ಲಿ ಜನತಾದಳದ ಚಕ್ರಕ್ಕೂ ಅದೇ ಗತಿ. ‘ಇಬ್ಭಾಗ’ ಬರೆಯುವ ಮುನ್ನ ಆಯೋಗಕ್ಕೆ ಅರ್ಜಿ ಹೋಗಿದೆಯೇ ನೋಡಿ. ಹೋಗಿರದಿದ್ದರೆ ‘ಬಣ’ವೇ ಇರಲಿ.

ಚಿಹ್ನೆಯ ಬಲ ಕೊಡಗಿಗೆ ಹೊಸದಲ್ಲ. 1952ರಲ್ಲಿ, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, ಇಲ್ಲಿನ ವಿಧಾನಸಭೆಯ 24 ಸ್ಥಾನಗಳಲ್ಲಿ ಕಾಂಗ್ರೆಸ್ 15 ಗೆದ್ದಿತು. ಮೈಸೂರಿನೊಂದಿಗೆ ವಿಲೀನ ಬೇಡವೆಂದ ಪಂದ್ಯಂಡ ಬೆಳ್ಯಪ್ಪನವರ ಕಡೆಯವರು 9 ಗೆದ್ದರು. ದಾಖಲೆಯಲ್ಲಿ ಅವರು ಪಕ್ಷೇತರರು. ಜನರ ಬಾಯಲ್ಲಿ ಮಾತ್ರ, ಚಿಹ್ನೆಯ ಹೆಸರಿನಲ್ಲೇ, ‘ತಕ್ಕಡಿ ಪಕ್ಷ’.